ಭಜನೆ ಹೆದರಿಕೆಯನ್ನು ಇಳಿಸುವುದು ಹೇಗೆ: ಜೋಡಿ ಸಾಲಿನ ಲೆಕ್ಕ

ಗೋವಾದ ವಾಸ್ಕೋ ಊರಿನ ನಮ್ಮ ಕನ್ನಡ ಭಜನಾ ಮಂಡಳಿಯಲ್ಲಿ ಹೊಸದಾಗಿ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ರಾಗ, ಸ್ವರ, ಪೇಟಿ (ಹಾರ್ಮೋನಿಯಂ) ಬಾರಿಸುವುದು ಇದರಲ್ಲಿ ಇಲ್ಲ. ಅವೆಲ್ಲ ನಿಮಗೆ ಬರುತ್ತವೆ ಅಂದುಕೊಂಡೇ ಬರೆಯುತ್ತಿದ್ದೇನೆ. ಇಲ್ಲಿರುವ ಪ್ರಶ್ನೆ ಒಂದೇ. ಜನ ಹೆದರಿ ಕೂತಾಗ ದೇವರ ಹಾಡು ಅವರಿಗೆ ಏನು ಮಾಡುತ್ತದೆ? "ಭಕ್ತಿ ಇದ್ದರೆ ಸಾಕು" ಅನ್ನುವುದು ಸರಿಯಾದ ಉತ್ತರವೇ. ಆದರೆ ತಾಳ ಹಿಡಿದು ಕೂತವರಿಗೆ ಅಷ್ಟರಲ್ಲಿ ಕೆಲಸ ಸಾಗುವುದಿಲ್ಲ. ಯಾವ ಹಾಡು, ಯಾವ ಲಯ, ಯಾರು ಯಾವಾಗ ಬಾಯಿ ತೆರೆಯಬೇಕು ಅನ್ನುವುದು ಗೊತ್ತಾಗಬೇಕಲ್ವಾ?

ನನಗೆ ಈಗ ಕಾಣುತ್ತಿರುವುದು ಇಷ್ಟು: ಸಮಾಧಾನ ಬೇರೆ, ಧೈರ್ಯ ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಹಾಡಿನೊಳಗೆ ಅವೆರಡೂ ಬೇರೆ ಬೇರೆ ದಾರಿಯಿಂದ ಬರುತ್ತವೆ. ಮೊದಲು ಸಮಾಧಾನ, ಆಮೇಲೆ ಧೈರ್ಯ. ಈ ಕ್ರಮ ತಿರುಗಾಮುರುಗಾ ಆದರೆ ಗದ್ದಲ ಮಾತ್ರ ಉಳಿಯುತ್ತದೆ.

ವಾಸ್ಕೋದ ಪ್ಲೇಗು ಮತ್ತು 24 ತಾಸಿನ ಭಜನೆ

ಉದಾಹರಣೆಗೆ ದೂರ ಹೋಗಬೇಕಿಲ್ಲ. ನಾಗಪಂಚಮಿಯ ಮರುದಿನ ವಾಸ್ಕೋದಲ್ಲಿ ದಾಮೋದರ ಸಪ್ತಾಹ ಶುರುವಾಗುತ್ತದೆ. ನಮ್ಮ ಮಂದಿಯಲ್ಲಿ ಹೊರಗಿನ ಜಾತ್ರೆ ಸುತ್ತಿ, ಖಾಜೆ ಅನ್ನುವ ಸಿಹಿತಿಂಡಿ ಕಟ್ಟಿಸಿಕೊಂಡು ಮನೆಗೆ ಬರುವವರೇ ಜಾಸ್ತಿ. ಒಳಗೆ 24 ತಾಸು ಎಡೆಬಿಡದೆ ಭಜನೆ ನಡೆದಿರುತ್ತದೆ. ಅದು ಯಾಕೆ ಶುರುವಾಯಿತು ಅಂತ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

1896ರಲ್ಲಿ ಮುಂಬೈಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅಲ್ಲಿಂದ ಹಡಗು, ರೈಲು ಹಿಡಿದು ಊರೂರಿಗೆ ಹಬ್ಬಿತು. 1898ರಲ್ಲಿ ಹುಬ್ಬಳ್ಳಿಯಲ್ಲೂ ಅದರ ಹಾವಳಿ ಇತ್ತು. ವಾಸ್ಕೋದ ಪಕ್ಕದಲ್ಲೇ ಮುರಗಾಂವ್ ಬಂದರು. ಅಲ್ಲಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಕಡೆಗೆ ಹೋಗುವ ರೈಲು ಅದಕ್ಕೆ ಹತ್ತು ವರ್ಷ ಮೊದಲೇ ಓಡಲು ಶುರುವಾಗಿತ್ತು. ಆ ಹೊತ್ತಿಗೆ ವಾಸ್ಕೋದಲ್ಲೂ ಸಾಂಕ್ರಾಮಿಕ ಬಂತು. ಊರಿನವರು ಹೇಳುವ ಕಥೆ ಹೀಗಿದೆ: ಕೆಲವರು ಕುಶಾವತಿ ನದಿ ದಂಡೆಯ ಜಾಂಬಾವಲಿ ಊರಿಗೆ ಹೋಗಿ ಅಲ್ಲಿನ ದೇವರು ದಾಮೋದರನ ಮುಂದೆ ಬೇಡಿಕೊಂಡರು. ಪ್ರಸಾದವಾಗಿ ಒಂದು ತೆಂಗಿನಕಾಯಿ ತಂದರು. ಅದನ್ನು ವಾಸ್ಕೋದಲ್ಲಿ ಇಟ್ಟು ಅದರ ಮುಂದೆ ಹಗಲು ರಾತ್ರಿ ಭಜನೆ ಮಾಡಿದರು. ರೋಗ ಇಳಿಯಿತು. ಈಗಲೂ ಪ್ರತಿ ವರ್ಷ ಹೊಸ ಕಾಯಿ ಇಡುತ್ತಾರೆ, ಹಳೆಯದನ್ನು ಸಮುದ್ರಕ್ಕೆ ಬಿಡುತ್ತಾರೆ.

ಭಜನೆಯಿಂದ ರೋಗ ಹೋಯಿತೇ ಅಂತ ಇಲ್ಲಿ ವಾದಕ್ಕೆ ಕೂರುವುದಿಲ್ಲ. ನನಗೆ ಬೇಕಾದದ್ದು ಆ ಹೆದರಿಕೆಯ ಸ್ವರೂಪ. ಪ್ಲೇಗಿನ ಸೂಕ್ಷ್ಮಜೀವಿ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿತ್ತು. ಹಾಫ್‌ಕಿನ್ ಅನ್ನುವ ವಿಜ್ಞಾನಿ 1897ರ ಜನವರಿಯಲ್ಲಿ ಮುಂಬೈಯಲ್ಲಿ ಲಸಿಕೆಯನ್ನು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ್ದರು. ಇಲಿಯಿಂದ ಮನುಷ್ಯನಿಗೆ ರೋಗವನ್ನು ಚಿಗಟ ತರುತ್ತದೆ ಅಂತ ಸಿಮೊಂ ಅನ್ನುವ ಫ್ರೆಂಚ್ ವೈದ್ಯ ತೋರಿಸಿದ್ದು 1898ರಲ್ಲಿ. ಅದನ್ನು ಡಾಕ್ಟರುಗಳೇ ಒಪ್ಪುವುದಕ್ಕೆ ಇನ್ನಷ್ಟು ವರ್ಷ ಹಿಡಿಯಿತು. ಅಂದರೆ ವಾಸ್ಕೋದ ಒಬ್ಬ ಅಂಗಡಿಯವನಿಗೆ, ಒಬ್ಬ ಮೀನುಗಾರನಿಗೆ ರೋಗ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಿರಲಿಲ್ಲ. ಯಾವುದನ್ನು ಮುಟ್ಟಬಾರದು, ಯಾರ ಮನೆಗೆ ಹೋಗಬಾರದು, ಏನು ಮಾಡಿದರೆ ಉಳಿಯುತ್ತೇವೆ, ಯಾವುದೂ ಗೊತ್ತಿಲ್ಲ. ಕೈ ಕಟ್ಟಿಕೊಂಡು ಕೂರುವುದಷ್ಟೇ ಉಳಿದಿತ್ತು. ಅಂಥಾ ಹೊತ್ತಿನಲ್ಲಿ "ಇಂದು ಸೂರ್ಯ ಮುಳುಗಿದ ಮೇಲೆ ನಿಮ್ಮ ಪಾಳಿ, ತಾಳ ತಗೊಂಡು ಬನ್ನಿ" ಅಂತ ಯಾರಾದರೂ ಹೇಳಿದರೆ ಅದೇ ಒಂದು ಔಷಧ. ಮಾಡುವುದಕ್ಕೆ ಒಂದು ಕೆಲಸ ಸಿಕ್ಕಿತು. ಅದಕ್ಕೆ ಶುರು ಇದೆ, ಕೊನೆ ಇದೆ, ಜೊತೆಗೆ ನಾಲ್ಕು ಮಂದಿ ಇದ್ದಾರೆ.

24 ತಾಸು ಅಂದರೆ ರಾತ್ರಿಯೂ ಸೇರಿತು. ಹೆದರಿಕೆ ಜಾಸ್ತಿ ಆಗುವುದು ರಾತ್ರಿ ಎರಡು ಮೂರು ಗಂಟೆಗೆ. ಆ ಹೊತ್ತಿನಲ್ಲಿ ನಿದ್ದೆ ಬಾರದೆ ಹೊರಳಾಡುವವನಿಗೆ ಊರಿನಲ್ಲಿ ಯಾರೋ ಎಚ್ಚರ ಇದ್ದಾರೆ ಅನ್ನುವುದು ಕಿವಿಗೆ ಬೀಳುತ್ತದೆ. ಅದಕ್ಕೇ ಪಾಳಿ ಬದಲಾಗುವಾಗ ತಾಳ ನಿಲ್ಲಬಾರದು. ಹೊಸಬರ ತಾಳ ಸೇರಿಕೊಂಡ ಮೇಲೆ ಹಳಬರು ಏಳಬೇಕು.

ಜೋಡಿ ಸಾಲು: ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ

ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದು ತಲೆಗೆ ಹತ್ತುವ ತನಕ ಉಳಿದದ್ದು ಯಾವುದೂ ಸರಿಯಾಗಿ ಕೂರಲಿಲ್ಲ.

ಮೊದಲು ದೇಹದ ಸಂಗತಿ. ನಾವು ಉಸಿರು ಒಳಗೆ ತೆಗೆದುಕೊಂಡಾಗ ಎದೆಬಡಿತ ಒಂಚೂರು ಜೋರಾಗುತ್ತದೆ, ಹೊರಗೆ ಬಿಟ್ಟಾಗ ಒಂಚೂರು ನಿಧಾನ ಆಗುತ್ತದೆ. ಹೊರಗೆ ಬಿಡುವಾಗ ವೇಗಸ್ ಅನ್ನುವ ನರ ಹೃದಯಕ್ಕೆ ಲಗಾಮು ಹಾಕುತ್ತದೆ. ಸುಮ್ನೆ ಕೂತ ಮನುಷ್ಯ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಹೆದರಿದವನ ಉಸಿರು ಇನ್ನೂ ಚುರುಕು, ಇನ್ನೂ ಮೇಲುಮೇಲಿನದು. ಹಾಡುವುದು ಅಂದರೆ ಏನು? ಉಸಿರನ್ನು ಉದ್ದಕ್ಕೆ, ಅಳತೆ ಮಾಡಿ ಹೊರಗೆ ಬಿಡುವುದು. ಹೆದರಿದವನಿಗೆ "ನಿಧಾನ ಉಸಿರಾಡು" ಅಂದರೆ ಆಗುವುದಿಲ್ಲ, ಇನ್ನೂ ಗಾಬರಿ ಆಗುತ್ತಾನೆ. "ಈ ಸಾಲು ಹಾಡು" ಅಂದರೆ ಹಾಡುತ್ತಾನೆ. ಉಸಿರು ತಾನಾಗಿ ಉದ್ದ ಆಗುತ್ತದೆ.

ಎಷ್ಟು ಉದ್ದ? ಇಲ್ಲಿ ಒಂದು ಅಂಕಿ ಇದೆ. 2001ರಲ್ಲಿ ಇಟಲಿಯ ಲೂಚಿಯಾನೊ ಬರ್ನಾರ್ದಿ ಮತ್ತು ಜೊತೆಗಾರರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರೋಗ್ಯವಾಗಿದ್ದ 23 ಜನರಿಂದ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆ ಹೇಳಿಸಿದರು, "ಓಂ ಮಣಿ ಪದ್ಮೇ ಹುಂ" ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಅಂದರೆ ಒಂದು ಉಸಿರಿಗೆ 10 ಸೆಕೆಂಡು. ನಮ್ಮ ರಕ್ತದೊತ್ತಡದಲ್ಲೂ ಸುಮಾರು 10 ಸೆಕೆಂಡಿಗೊಮ್ಮೆ ಸಹಜವಾದ ಒಂದು ಏರಿಳಿತ ಇದೆ. ಉಸಿರು ಅದಕ್ಕೆ ಹೊಂದಿಕೊಂಡಾಗ ರಕ್ತದೊತ್ತಡವನ್ನು ಸಂಬಾಳಿಸುವ ದೇಹದ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡಿತು. 23 ಜನ ಅಂದರೆ ಕಡಿಮೆಯೇ. ಅವರು ಹೆದರಿದವರೂ ಅಲ್ಲ. ಹಾಗಾಗಿ ಇದರ ಮೇಲೆ ದೊಡ್ಡ ಗೋಪುರ ಕಟ್ಟಬೇಡಿ. ಆದರೆ ಅಡಿಪಾಯಕ್ಕೆ ಒಂದು ಕಲ್ಲು ಸಿಕ್ಕಿತು.

ಈಗ ತಾಳಕ್ಕೆ ಬನ್ನಿ. ಕೆಹರ್ವಾ ತಾಳಕ್ಕೆ 8 ಮಾತ್ರೆ, ಅಂದರೆ 8 ಎಣಿಕೆ: ಧಾ ಗೆ ನಾ ತಿ, ನಾ ಕೆ ಧಿ ನಾ. ಮೊಬೈಲಿನ ಮೆಟ್ರೊನೋಮ್ (ಲಯಕ್ಕೆ ಟಿಕ್ ಟಿಕ್ ಅನ್ನುವ ಆ್ಯಪ್) 96ಕ್ಕೆ, ಅಂದರೆ ನಿಮಿಷಕ್ಕೆ 96 ಮಾತ್ರೆಗೆ ಇಟ್ಟರೆ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಸರಿಯಾಗಿ 5 ಸೆಕೆಂಡು. ನಮ್ಮ ಬಹಳ ಪದಗಳಲ್ಲಿ ಒಂದು ಸಾಲು ಒಂದು ಆವರ್ತನ. ಹಾಗಾದರೆ ಒಂದು ಸಾಲಿಗೆ ಒಂದು ಉಸಿರು, 5 ಸೆಕೆಂಡು, ನಿಮಿಷಕ್ಕೆ 12 ಉಸಿರು. ಇದು ಸುಮ್ನೆ ಕೂತವನ ಉಸಿರೇ ಆಯಿತಲ್ಲ! 6 ಎಲ್ಲಿ ಹೋಯಿತು?

ಇಲ್ಲೇ ತಲೆ ಕೆಡುವುದು. ಲಯವನ್ನು ಅರ್ಧಕ್ಕೆ ಇಳಿಸೋಣ ಅನ್ನಿಸುತ್ತದೆ. 48ಕ್ಕೆ ಇಟ್ಟು ಹಾಡಿ ನೋಡಿ. ಹೊಸಬರ ಬಾಯಲ್ಲಿ ಹಾಡು ನೆಲ ಕಚ್ಚುತ್ತದೆ, ಸಾಲಿನ ಮಧ್ಯದಲ್ಲೇ ಎಲ್ಲರ ಉಸಿರೂ ಮುಗಿಯುತ್ತದೆ.

ಉತ್ತರ ಲಯದಲ್ಲಿ ಇಲ್ಲ, ಜೋಡಿಯಲ್ಲಿ ಇದೆ. ಭಜನೆಯಲ್ಲಿ ಒಬ್ಬರು ಸಾಲು ಹೇಳುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಈ ಎರಡೂ ಸೇರಿದ್ದನ್ನು. ಮುಂದಾಳು 5 ಸೆಕೆಂಡು ಹಾಡುವಾಗ ನಮ್ಮ ಬಾಯಿ ಮುಚ್ಚಿದೆ, ಉಸಿರು ಆರಾಮಾಗಿ ಒಳಗೆ ಬರುತ್ತದೆ. ಆಮೇಲಿನ 5 ಸೆಕೆಂಡು ನಾವು ಹಾಡುತ್ತೇವೆ, ಉಸಿರು ಹೊರಗೆ ಹೋಗುತ್ತದೆ. ಒಟ್ಟು 10 ಸೆಕೆಂಡಿಗೆ ಒಂದು ಉಸಿರು. ಮುಂದಾಳಿಗೂ ಅಷ್ಟೇ, ಅವರದು ನಮಗೆ ಉಲ್ಟಾ. ನಾವು ಬಿಡುವಾಗ ಅವರು ತೆಗೆದುಕೊಳ್ಳುತ್ತಾರೆ. ಆ ಅಧ್ಯಯನದ ಜಪಮಾಲೆ ಪ್ರಾರ್ಥನೆಯೂ ಹೀಗೇ: ಅರ್ಧ ಪಾದ್ರಿ, ಅರ್ಧ ಜನ. ಒಂದು ಸುತ್ತಿಗೆ ಸುಮಾರು 10 ಸೆಕೆಂಡು.

ಗೋವಾದ ಕ್ರೈಸ್ತರ ಮನೆಗಳಲ್ಲಿ, ಬೀದಿ ಬದಿಯ ಶಿಲುಬೆಗಳ ಮುಂದೆ ಪಿಟೀಲು ಹಿಡಿದು ಲದಾಯಿನ್ ಅನ್ನುವ ಪ್ರಾರ್ಥನೆ ಹಾಡುವುದನ್ನು ಕೇಳಿರುತ್ತೀರಿ. ಅಲ್ಲೂ ಒಂದು ಕಡೆಯಿಂದ ಹೆಸರು ಬರುತ್ತದೆ, ಇನ್ನೊಂದು ಕಡೆಯಿಂದ "ಓರಾ ಪ್ರೋ ನೋಬಿಸ್" (ನಮಗಾಗಿ ಪ್ರಾರ್ಥಿಸು) ಅನ್ನುವ ಅದೇ ಉತ್ತರ. ಜೋಡಿಯ ಕೆಲಸ ಅಲ್ಲೂ ನಡೆಯುತ್ತದೆ.

ನನ್ನ ಅಚ್ಚುಮೆಚ್ಚಿನ ಸುಲಭ ಲೆಕ್ಕ: ಸಾಲು 8 ಮಾತ್ರೆ ಇದ್ದರೆ ಮೆಟ್ರೊನೋಮ್ ಅಂಕಿಯನ್ನು 16ರಿಂದ ಭಾಗಿಸಿ. ಬರುವುದು ನಿಮಿಷಕ್ಕೆ ಉಸಿರು. 96 ಅಂದರೆ 6. 128 ಅಂದರೆ 8. 160 ಅಂದರೆ 10. ಸಾಲು 16 ಮಾತ್ರೆ ಇದ್ದರೆ 32ರಿಂದ ಭಾಗಿಸಿ. 192 ಅಂದರೆ 6! ಇಲ್ಲಿ ಸ್ವಲ್ಪ ನಿಂತು ನೋಡಿ. 192 ಅಂದರೆ ಕೈಯಲ್ಲಿ ತಾಳ ಓಡುತ್ತಿರುತ್ತದೆ, ತಬಲಾದ ಡಗ್ಗಾ ದಡಬಡ ಅನ್ನುತ್ತಿರುತ್ತದೆ. ಹೊರಗೆ ನಿಂತವರಿಗೆ ಜೋರು ಭಜನೆ. ಒಳಗೆ ಕೂತವರ ಉಸಿರು ಮಾತ್ರ 10 ಸೆಕೆಂಡಿಗೊಂದು. ತಾಳದ ವೇಗ ಬೇರೆ, ಉಸಿರಿನ ವೇಗ ಬೇರೆ. "ಶಾಂತವಾದ ಹಾಡು ಅಂದರೆ ನಿಧಾನದ ಹಾಡು" ಅನ್ನುವ ಮಾತನ್ನು ಇದಾದ ಮೇಲೆ ನಾನು ನಂಬುವುದಿಲ್ಲ. ಸಾಲು ಉದ್ದ ಇದ್ದರೆ ಲಯ ಚುರುಕಾಗಿದ್ದರೂ ಮನಸ್ಸು ತಣ್ಣಗಾಗುತ್ತದೆ.

ಈ ಲೆಕ್ಕ ಕೆಡುವುದು ಯಾವಾಗ ಗೊತ್ತಾ? ಉತ್ಸಾಹದಲ್ಲಿ ನಾವು ಮುಂದಾಳಿನ ಸಾಲಿಗೂ ದನಿ ಸೇರಿಸಿದಾಗ. ಆಗ ಜೋಡಿ ಒಡೆಯುತ್ತದೆ. ಎಲ್ಲರೂ ಎರಡೂ ಸಾಲು ಹಾಡುತ್ತಾರೆ, ಉಸಿರು ತೆಗೆದುಕೊಳ್ಳುವುದಕ್ಕೆ ಜಾಗವೇ ಇಲ್ಲ. ಸಾಲಿನ ಕೊನೆಯ ಅಕ್ಷರ ನುಂಗಿ ಗಬಕ್ಕನೆ ಉಸಿರೆಳೆಯುತ್ತೇವೆ. ಅದು ಹೆದರಿದವನ ಉಸಿರಿನ ಹಾಗೆಯೇ ಇರುತ್ತದೆ. ನಮ್ಮ ಮಾಸ್ತರರು ತಮ್ಮ ಸಾಲು ಹಾಡುವಾಗ ಎಡಗೈಯನ್ನು ಪೇಟಿಗೆ ಗಾಳಿ ತುಂಬುವ ಭಾತಿಯಿಂದ ಒಂದು ಗಳಿಗೆ ಎತ್ತಿ ಅಂಗೈ ನಮ್ಮ ಕಡೆ ಹಿಡಿಯುತ್ತಾರೆ. ಪೇಟಿಯ ದನಿ ಸಣ್ಣಗೆ ಬೀಳುತ್ತದೆ, ಆದರೂ ಕೈ ಇಳಿಸುವುದಿಲ್ಲ. "ತಡೀರಿ, ನಂದು ಮುಗೀಲಿ. ಉಸಿರು ತಗೋರಿ ಮೊದಲ" ಅನ್ನುತ್ತಾರೆ. ಕೈ ಇಳಿದಾಗ ನಮ್ಮ ಸರದಿ. ಹಿಂದಿನ ಸಾಲಿನಲ್ಲಿ ಕೂತವರಿಗೆ ಆ ಕೈ ಕಾಣುವುದಿಲ್ಲ, ಹಾಗಾಗಿ ಹೊಸಬರು ಮುಂದೆ ಕೂರಿ.

ಪದ ಏನು ಹೇಳುತ್ತದೆ

ಉಸಿರೇ ಎಲ್ಲಾ ಆಗಿದ್ದರೆ ಮಗ್ಗಿ ಹೇಳಿದರೂ ಸಾಕಿತ್ತು. ಸಾಕಾಗುವುದಿಲ್ಲ. ಮಾತೂ ಬೇಕು. ಅದಕ್ಕೆ ಕನಕದಾಸರ ಒಂದೇ ಪದ ತೆಗೆದುಕೊಳ್ಳುತ್ತೇನೆ: "ತಲ್ಲಣಿಸದಿರು ಕಂಡ್ಯ ತಾಳು ಮನವೇ."

ಯಾರಿಗೆ ಹೇಳುತ್ತಿದ್ದಾರೆ ನೋಡಿ. ದೇವರಿಗಲ್ಲ, ಊರಿನವರಿಗಲ್ಲ. ತಮ್ಮದೇ ಮನಸ್ಸಿಗೆ. ಮನಸ್ಸನ್ನು ಎದುರಿಗೆ ಕೂರಿಸಿಕೊಂಡು, ಹೆದರಿದ ತಮ್ಮನಿಗೆ ಹೇಳಿದಂತೆ "ತಾಳು" ಅನ್ನುತ್ತಾರೆ. ಹೆದರಿಕೆ ಇಲ್ಲ ಅಂತ ಎಲ್ಲೂ ಹೇಳುವುದಿಲ್ಲ. ತಲ್ಲಣ ಇದೆ ಅಂತ ಒಪ್ಪಿಕೊಂಡೇ ಶುರು ಮಾಡುತ್ತಾರೆ. 2014ರಲ್ಲಿ ಅಮೆರಿಕದ ಈಥನ್ ಕ್ರಾಸ್ ಮತ್ತು ಜೊತೆಗಾರರು ಇದಕ್ಕೆ ಹತ್ತಿರದ ಸಂಗತಿಯನ್ನು ಪ್ರಯೋಗ ಮಾಡಿ ತೋರಿಸಿದರು. ಕಷ್ಟದ ಹೊತ್ತಿನಲ್ಲಿ "ನಾನು" ಅಂತ ಯೋಚಿಸುವ ಬದಲು "ನೀನು" ಅಂತಲೋ, ತನ್ನ ಹೆಸರು ಹಿಡಿದೋ ತನಗೆ ತಾನೇ ಹೇಳಿಕೊಂಡವರಿಗೆ ಕಳವಳ ಕಡಿಮೆ ಇತ್ತು. ನಮ್ಮ ದಾಸರು ಇದನ್ನು ಹಾಡಾಗಿ ಕೊಟ್ಟು ಸುಮಾರು ಐದು ಶತಮಾನ ಆಯಿತು.

ಆಮೇಲೆ ಚರಣಗಳು. ಬೆಟ್ಟದ ತುದಿಯ ಮರಕ್ಕೆ ನೀರೆರೆದವರು ಯಾರು? ಅಡವಿಯ ಮೃಗಪಕ್ಷಿಗಳಿಗೆ ಊಟ ಕೊಟ್ಟವರು ಯಾರು? ಕಲ್ಲಿನೊಳಗಿನ ಕಪ್ಪೆಗೆ? ಪ್ರತಿ ಚರಣವೂ ಹೀಗೆ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಉತ್ತರ ಹಾಡುವವರಿಗೆಲ್ಲ ಮೊದಲೇ ಗೊತ್ತು. ಹೆದರಿಕೆ ಕೇಳುವ ಪ್ರಶ್ನೆಗಳಿಗೆ ಉತ್ತರ ಇರುವುದಿಲ್ಲ: ನಾಳೆ ಏನಾಗುತ್ತದೆ, ನನ್ನ ಮಗನಿಗೆ ಬಂದರೆ ಏನು ಗತಿ. ಈ ಪದ ಅವುಗಳ ಜಾಗದಲ್ಲಿ ಉತ್ತರ ಇರುವ ಪ್ರಶ್ನೆಗಳನ್ನು ತಂದು ಕೂರಿಸುತ್ತದೆ. ಪ್ರತಿ ಸಲವೂ ಪಲ್ಲವಿಗೆ ವಾಪಸ್ ಬರುತ್ತದೆ. ಹಾಡು ಕಲಿಸುವಾಗ ಚರಣದ ಪ್ರಶ್ನೆಯ ಕೊನೆಯ "ಯಾರು" ಅನ್ನುವುದನ್ನು ಮೇಲಕ್ಕೆ ಎತ್ತಿ ನಿಲ್ಲಿಸಿ, ಒಂದು ಕ್ಷಣ ಬಿಟ್ಟು ಮುಂದಿನ ಸಾಲು ಹಿಡಿಯಿರಿ. ಆ ಒಂದು ಕ್ಷಣ ಬಿಡದಿದ್ದರೆ ಪ್ರಶ್ನೆ ಪ್ರಶ್ನೆಯಾಗಿ ಕೇಳುವುದಿಲ್ಲ.

ಒಂದು ಸಣ್ಣ ಮಾತು. ಹೆದರಿದವರ ಮುಂದೆ ತೀರಾ ಖುಷಿಯ ಹಾಡು ಹಾಡಬೇಡಿ. "ಇವರಿಗೆ ನಮ್ಮ ಕಷ್ಟ ಗೊತ್ತಿಲ್ಲ" ಅನ್ನಿಸುತ್ತದೆ.

ಧೈರ್ಯ

ಇದು ಬೇಗ ಮುಗಿಯುತ್ತದೆ. ಉಸಿರು ಇಳಿದ ಮೇಲೆ, ಮನಸ್ಸು ಕೂತ ಮೇಲೆ ಲಯ ಏರಿಸುತ್ತೇವೆ. ನಾಮಘೋಷ ಬರುತ್ತದೆ. ಸಾಲು ಚಿಕ್ಕದಾಗುತ್ತದೆ, ಜೋಡಿ ಬೇಕೆಂದೇ ಒಡೆಯುತ್ತದೆ, ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ಈಗ ಅದು ತಪ್ಪಲ್ಲ. ಈಗ ಬೇಕಾದದ್ದು ಹುರುಪು. 2013ರಲ್ಲಿ ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಒಟ್ಟಿಗೆ ಹಾಡುವವರ ಎದೆಬಡಿತ ಅಳೆದು ನೋಡಿದರು. ಹಾಡಿನ ಸಾಲುಗಳಿಗೆ ತಕ್ಕಂತೆ ಎಲ್ಲರ ಎದೆಬಡಿತವೂ ಒಟ್ಟಿಗೆ ಏರಿಳಿಯುತ್ತಿತ್ತು.

ಧೈರ್ಯಕ್ಕೆ ನನಗೆ ನೆನಪಾಗುವ ಪ್ರಸಂಗ ಅಮೆರಿಕದ್ದು. 1959ರಲ್ಲಿ ಟೆನೆಸಿ ರಾಜ್ಯದ ಹೈಲ್ಯಾಂಡರ್ ಶಾಲೆಯ ಮೇಲೆ ರಾತ್ರಿ ಪೊಲೀಸರು ದಾಳಿ ಮಾಡಿದರು. ಕರಿಯರು ಬಿಳಿಯರು ಒಟ್ಟಿಗೆ ಕೂತು ಕಲಿಯುತ್ತಿದ್ದ ಜಾಗ ಅದು. ಕತ್ತಲಲ್ಲಿ ಕೂತವರು ಚರ್ಚಿನ ಹಾಡುಗಳ ಬೇರಿನಿಂದ ಬಂದ ಒಂದು ಹಾಡು ಹಾಡಲು ಶುರು ಮಾಡಿದರು. ನಮ್ಮ ಶಾಲೆಗಳಲ್ಲಿ "ಹಮ್ ಹೋಂಗೆ ಕಾಮ್‌ಯಾಬ್" ಅಂತ ಹಾಡಿಸುತ್ತಾರಲ್ಲ, ಅದರ ಮೂಲ. ಜಮೀಲಾ ಜೋನ್ಸ್ ಅನ್ನುವ ಹುಡುಗಿ ಅದಕ್ಕೆ "ನಮಗೆ ಹೆದರಿಕೆ ಇಲ್ಲ" ಅನ್ನುವ ಸಾಲು ಅಲ್ಲೇ ಸೇರಿಸಿದಳು. ದನಿ ಏರುತ್ತಾ ಹೋಯಿತು. ಇಷ್ಟು ಜೋರಾಗಿ ಹಾಡಬೇಕಾ ಅಂತ ಒಬ್ಬ ಪೊಲೀಸ್ ನಡುಗುತ್ತಾ ಕೇಳಿದ ಅಂತ ಆಕೆ ಮುಂದೆ ಹೇಳಿಕೊಂಡಿದ್ದಾರೆ.

ಆ ಹೊತ್ತಿಗೆ ಆಕೆಗೆ ನಿಜವಾಗಿ ಹೆದರಿಕೆ ಇರಲಿಲ್ಲವೇ? ಇದ್ದೇ ಇರುತ್ತದೆ. ದಾಸರ ಪದ ಹೆದರಿಕೆಯನ್ನು ಒಪ್ಪಿಕೊಂಡು ಶುರುವಾಗುತ್ತದೆ, ಈ ಸಾಲು ಇಲ್ಲ ಅನ್ನುತ್ತದೆ. ಒಂದು ಒಳಗಿನ ಮನಸ್ಸಿಗೆ, ಇನ್ನೊಂದು ಎದುರಿಗೆ ನಿಂತವನಿಗೆ.

ಹಾಡಬಾರದ ಹೊತ್ತು

ಮೂಗಿಗೆ, ಗಂಟಲಿಗೆ ಬರುವ ರೋಗ ಇದ್ದಾಗ ಒಂದೇ ಕೋಣೆಯಲ್ಲಿ ಸೇರಿ ಹಾಡುವುದು ಅಪಾಯ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಕೌಂಟಿಯಲ್ಲಿ ಒಂದು ಗಾಯನ ತಂಡದ ಅಭ್ಯಾಸಕ್ಕೆ 61 ಮಂದಿ ಬಂದಿದ್ದರು. ಅವರಲ್ಲಿ 53 ಮಂದಿ ಕೋವಿಡ್ ರೋಗಿಗಳ ಲೆಕ್ಕಕ್ಕೆ ಸೇರಿದರು, ಇಬ್ಬರು ತೀರಿಕೊಂಡರು. ಉದ್ದ ಉಸಿರು ಬಿಡುವುದೂ ಅಲ್ಲಿ ತೊಂದರೆಗೆ ಒಂದು ಕಾರಣ ಆಗಿರಬಹುದು. ಚಿಗಟದಿಂದ ಬರುವ ಗಡ್ಡೆ ಪ್ಲೇಗಿಗೂ ಇದಕ್ಕೂ ವ್ಯತ್ಯಾಸ ಇದೆ. ವಾಸ್ಕೋದಲ್ಲಿ ಹಾಡಿದರು ಅಂತ ಎಲ್ಲಾ ಸಾಂಕ್ರಾಮಿಕಕ್ಕೂ ಹಾಡಿಬಿಡುವ ಹಾಗಿಲ್ಲ.

ಅಂಥಾ ಸಮಯದಲ್ಲಿ ಮೊಬೈಲಿನ ವಿಡಿಯೋ ಕರೆಯಲ್ಲಿ ಭಜನೆ ಮಾಡುತ್ತಾರೆ. ಎಲ್ಲರೂ ಒಟ್ಟಿಗೆ ಹಾಡಲು ಹೋದರೆ ದನಿ ಹಿಂದೆ ಮುಂದೆ ಆಗಿ ಸಂತೆ ಆಗುತ್ತದೆ. ಒಬ್ಬರ ತಾಳ ಇನ್ನೊಬ್ಬರಿಗೆ ತಡವಾಗಿ ತಲುಪುತ್ತದೆ, ಅದಕ್ಕೆ ಮದ್ದಿಲ್ಲ. ಜೋಡಿ ಸಾಲಿನ ಲೆಕ್ಕ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಮುಂದಾಳು ಒಬ್ಬರನ್ನು ಬಿಟ್ಟು ಎಲ್ಲರೂ ಮ್ಯೂಟ್ ಮಾಡಿ. ಮುಂದಾಳು ಒಂದು ಆವರ್ತನ ಹಾಡಬೇಕು, ಇನ್ನೊಂದು ಆವರ್ತನ ಬಾಯಿ ಮುಚ್ಚಿ ಬರೀ ತಾಳ ಹಾಕಬೇಕು. ಆ ಖಾಲಿ ಆವರ್ತನದಲ್ಲಿ ನಾವು ನಮ್ಮ ನಮ್ಮ ಮನೆಯಲ್ಲಿ ಉತ್ತರ ಹಾಡುತ್ತೇವೆ. ಮುಂದಾಳಿಗೆ ಯಾರ ದನಿಯೂ ಕೇಳುವುದಿಲ್ಲ. ಅದು ಅವರಿಗೆ ಕಷ್ಟದ ಕೆಲಸ, ಖಾಲಿ ಜಾಗ ತುಂಬಲು ಅವರೇ ಹಾಡಿಬಿಡುತ್ತಾರೆ. ಅದಕ್ಕೆ ಒಬ್ಬರ ಕ್ಯಾಮೆರಾ ಮುಂದಾಳಿಗೆ ಕಾಣುವಂತೆ ದೊಡ್ಡದಾಗಿ ಇಟ್ಟುಕೊಳ್ಳಿ, ಆ ಒಬ್ಬರು ಬಾಯಿ ಚೆನ್ನಾಗಿ ತೆರೆದು ಹಾಡಲಿ. ಮೆಟ್ರೊನೋಮ್ 96, ಸಾಲು 8 ಮಾತ್ರೆ. ಶ್ರುತಿ ಮಾತ್ರ ಎಲ್ಲರಿಗೂ ಎಟುಕುವಷ್ಟು ಕೆಳಗೆ ಇರಲಿ, ಪಕ್ಕದ ಮನೆಯವರು ಮಲಗಿರುತ್ತಾರೆ.